ಹೊಣೆ ಯಾರ ಕೈಗೆ, ಲೆಕ್ಕ ಯಾರ ಮುಂದೆ? ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯಲ್ಲಿ ಸಂಸ್ಥೆ ನಡೆಸುವ ಬಗೆಗಳು

ಸಂಸ್ಥೆಯೊಂದನ್ನು ನಡೆಸುವ ವಿದ್ಯೆಯನ್ನು ನಾವು ಬಹುಮಟ್ಟಿಗೆ ಬಿ.ಕಾಂ., ಎಂ.ಬಿ.ಎ. ತರಗತಿಗಳಿಗೆ ಒಪ್ಪಿಸಿಬಿಟ್ಟಿದ್ದೇವೆ. ಅಲ್ಲಿ ಬರುವ ಉದಾಹರಣೆಗಳು ಅಮೆರಿಕದ ಕಾರು ಕಂಪನಿಯವು, ಜಪಾನಿನ ಕಾರ್ಖಾನೆಯವು, ಬಹಳ ಹತ್ತಿರ ಬಂದರೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವು. ಚಾಮರಾಜನಗರದ ಹುಡುಗ ಹುಡುಗಿಯರಿಗೆ ತಮ್ಮೂರಿನಲ್ಲಿ ನಿರ್ವಹಣೆ ಅನ್ನುವುದು ನಡೆಯುವುದೇ ಇಲ್ಲವೇನೋ ಅನ್ನಿಸುವ ಹಾಗೆ ಪಾಠ ಸಾಗುತ್ತದೆ. 1997ರಲ್ಲಿ ಮೈಸೂರಿನಿಂದ ಬೇರೆಯಾದ ಈ ಜಿಲ್ಲೆಯಲ್ಲಿ ದೊಡ್ಡ ಕಾರ್ಖಾನೆಗಳು ಕಡಿಮೆ ಇರಬಹುದು, ಸಂಸ್ಥೆಗಳಿಗೆ ಬರವಿಲ್ಲ. ಊರೂರಿಗೆ ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘ, ಗ್ರಾಮ ಪಂಚಾಯಿತಿ. ಕಾಡಿನಂಚಿನಲ್ಲಿ ಅರಣ್ಯ ಇಲಾಖೆಯ ಶಿಬಿರ, ಸೋಲಿಗ ಬುಡಕಟ್ಟಿನವರ ಪೋಡು (ಹಾಡಿ), ಗಿರಿಜನರ ಲ್ಯಾಂಪ್ಸ್ ಸೊಸೈಟಿ. ಬೆಟ್ಟದ ಮೇಲೊಂದು ಆಸ್ಪತ್ರೆ, ಕೆಳಗೆ ಎಪಿಎಂಸಿ ಮಂಡಿ. ಒಂದೊಂದೂ ತನ್ನದೇ ರೀತಿಯಲ್ಲಿ ಜನರನ್ನು ಒಗ್ಗೂಡಿಸಿ ಕೆಲಸ ಮಾಡಿಸುತ್ತಿದೆ.

ಇವನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನಿರ್ವಹಣೆಯ ಮೂಲ ಕೆಲಸಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಅವೇ. ಶೈಲಿ ಮಾತ್ರ ಕೆಲಸಕ್ಕೆ ತಕ್ಕಂತೆ ಬದಲಾಗಬೇಕು. ಯಾವ ಶೈಲಿಯಾದರೂ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು: ಕೆಲಸ ಬಲ್ಲವರ ಕೈಯಲ್ಲಿ ಹೊಣೆ ಇದೆಯೇ? ಫಲ ಉಣ್ಣುವವರ, ನಷ್ಟ ಹೊರುವವರ ಮುಂದೆ ಲೆಕ್ಕ ಬಿಚ್ಚಿಡಲಾಗುತ್ತಿದೆಯೇ? ಈ ಜಿಲ್ಲೆಯಲ್ಲಿ ಗೆದ್ದ ಸಂಸ್ಥೆಗಳ ಗೆಲುವಿಗೂ ಸೋತವುಗಳ ಸೋಲಿಗೂ ಈ ಎರಡು ಪ್ರಶ್ನೆಗಳೇ ಬಹುಪಾಲು ಕಾರಣ ಎಂಬುದು ಈ ಲೇಖನದ ವಾದ.

ಐದು ಕೆಲಸಗಳ ಪಟ್ಟಿ ಬಂದ ಬಗೆ

ನಿರ್ವಹಣೆಯನ್ನು ಬಿಡಿಬಿಡಿ ಕೆಲಸಗಳಾಗಿ ಗುರುತಿಸಿದವರಲ್ಲಿ ಮೊದಲಿಗ ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫೆಯೋಲ್. ದಿವಾಳಿಯ ಅಂಚಿಗೆ ಬಂದಿದ್ದ ಗಣಿ ಮತ್ತು ಉಕ್ಕಿನ ಕಂಪನಿಯೊಂದರ ಚುಕ್ಕಾಣಿಯನ್ನು 1888ರಲ್ಲಿ ಹಿಡಿದು, ಅದನ್ನು ಮತ್ತೆ ಕಾಲ ಮೇಲೆ ನಿಲ್ಲಿಸಿ, ಆ ಅನುಭವವನ್ನು 1916ರಲ್ಲಿ ಪುಸ್ತಕ ಮಾಡಿದ. ಮುಂದಾಲೋಚನೆ, ಸಂಘಟನೆ, ಆದೇಶ, ಸಮನ್ವಯ, ನಿಯಂತ್ರಣ ಎಂಬ ಐದು ಕೆಲಸಗಳನ್ನು ಅವನು ಹೆಸರಿಸಿದ. ಅದಕ್ಕೆ ಐದು ವರ್ಷ ಮೊದಲು, 1911ರಲ್ಲಿ, ಅಮೆರಿಕದ ಫ್ರೆಡರಿಕ್ ಟೇಲರ್ ಕೆಲಸಗಾರನ ಒಂದೊಂದು ಚಲನೆಯನ್ನೂ ಅಳೆದು ಕೆಲಸದ ಅತ್ಯುತ್ತಮ ವಿಧಾನವನ್ನು ವಿಜ್ಞಾನದಿಂದ ಕಂಡುಹಿಡಿಯಬಹುದು ಎಂದು ಸಾರಿದ್ದ. ಟೇಲರ್ ಕಾರ್ಖಾನೆಯ ನೆಲದ ಮೇಲೆ ನಿಂತು ನೋಡಿದ, ಫೆಯೋಲ್ ಮುಖ್ಯಸ್ಥನ ಕುರ್ಚಿಯಲ್ಲಿ ಕುಳಿತು ನೋಡಿದ. 1937ರಲ್ಲಿ ಲೂಥರ್ ಗುಲಿಕ್ ಈ ಪಟ್ಟಿಗೆ ನೇಮಕಾತಿ, ವರದಿ, ಆಯವ್ಯಯಗಳನ್ನೂ ಸೇರಿಸಿ ಹಿಗ್ಗಿಸಿದ. ಇಂದು ನಮ್ಮ ಪಠ್ಯಗಳಲ್ಲಿ ಉಳಿದಿರುವುದು ಯೋಜನೆ, ಸಂಘಟನೆ, ಸಿಬ್ಬಂದಿ, ಮುನ್ನಡೆಸುವಿಕೆ, ನಿಯಂತ್ರಣ ಎಂಬ ಐದರ ಪಟ್ಟಿ.

ಈ ಪಟ್ಟಿಗೆ ಬಂದ ಗಟ್ಟಿ ಆಕ್ಷೇಪ ಕೆನಡಾದ ಹೆನ್ರಿ ಮಿಂಟ್ಜ್‌ಬರ್ಗ್‌ನದು. ಐವರು ಮುಖ್ಯಾಧಿಕಾರಿಗಳ ಬೆನ್ನಿಗೇ ಇದ್ದು ಅವರ ದಿನಚರಿಯನ್ನು ದಾಖಲಿಸಿ 1973ರಲ್ಲಿ ಅವನು ಬರೆದ ಪುಸ್ತಕದ ಪ್ರಕಾರ, ಅವರು ಮಾಡಿದ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷವೂ ನಡೆಯುತ್ತಿರಲಿಲ್ಲ. ಒಂದು ಫೋನು, ಒಂದು ಜಗಳ, ಒಂದು ಸಹಿ, ಬಾಗಿಲಲ್ಲಿ ನಿಂತವರೊಡನೆ ಎರಡು ಮಾತು. ಶಾಂತವಾಗಿ ಕುಳಿತು ಯೋಜನೆ ಹಾಕುವ ವ್ಯವಸ್ಥಾಪಕ ಪುಸ್ತಕದಲ್ಲಿ ಮಾತ್ರ ಇದ್ದಾನೆ ಎಂದು ಅವನು ವಾದಿಸಿದ. ಗುಂಡ್ಲುಪೇಟೆಯ ಯಾವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಕೇಳಿದರೂ ಈ ಮಾತಿಗೆ ತಲೆದೂಗುತ್ತಾರೆ. ಹಾಗೆಂದು ಪಟ್ಟಿಯನ್ನು ಎಸೆಯಬೇಕಿಲ್ಲ. ಒಂದು ದಿನದಲ್ಲಿ ಕಾಣದ ಐದು ಕೆಲಸಗಳು ಒಂದು ವರ್ಷದಲ್ಲಿ ಖಂಡಿತ ಕಾಣುತ್ತವೆ. ಅವುಗಳಲ್ಲಿ ಯಾವುದೊಂದು ಬಿಟ್ಟುಹೋದರೂ ಸಂಸ್ಥೆ ಎಲ್ಲಿ ಮುಗ್ಗರಿಸಿತು ಎಂದು ಹುಡುಕಲು ಈ ಪಟ್ಟಿಯೇ ಬೇಕು.

ಹಾಲಿನ ಡೇರಿಯಲ್ಲಿ ಐದೂ ಕೆಲಸ

ಐದು ಕೆಲಸಗಳನ್ನೂ ಒಂದೇ ಕೊಠಡಿಯಲ್ಲಿ ನೋಡಬೇಕಾದರೆ ಹಳ್ಳಿಯ ಹಾಲಿನ ಡೇರಿಗೆ ಹೋಗಬೇಕು. ಗುಜರಾತಿನ ಖೇಡಾದಲ್ಲಿ 1946ರಲ್ಲಿ ಆರಂಭವಾದ ಮಾದರಿ ಇದು: ಊರಿಗೊಂದು ಸಂಘ, ಜಿಲ್ಲೆಗೊಂದು ಒಕ್ಕೂಟ, ರಾಜ್ಯಕ್ಕೊಂದು ಮಹಾಮಂಡಳ. ಕರ್ನಾಟಕದಲ್ಲಿ 1970ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಅಭಿವೃದ್ಧಿ ನಿಗಮವಾಗಿ ಶುರುವಾದದ್ದು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಮೈಸೂರು ಒಕ್ಕೂಟದ ಭಾಗವಾಗಿದ್ದ ಚಾಮರಾಜನಗರಕ್ಕೆ ಆಮೇಲೆ ತನ್ನದೇ ಒಕ್ಕೂಟ ಬಂತು. ಅದೇ ಚಾಮುಲ್, ಅದರ ಡೇರಿ ಕುದೇರಿನಲ್ಲಿದೆ.

ಯೋಜನೆಯಿಂದಲೇ ತೆಗೆದುಕೊಳ್ಳಿ. ಹಾಲು ಕಾಯುವ ಸರಕಲ್ಲ. ಬೇಸಿಗೆಯಲ್ಲಿ ಹಸಿ ಮೇವು ಕಡಿಮೆಯಾಗಿ ಹಾಲು ಇಳಿಯುತ್ತದೆ, ಮಳೆ ಹಿಡಿದ ಮೇಲೆ ಏರುತ್ತದೆ. ಹಬ್ಬದ ದಿನ ಮನೆಗೆ ಹೆಚ್ಚು ಉಳಿಸಿಕೊಳ್ಳುತ್ತಾರೆ, ಮರುದಿನ ಡೇರಿಗೆ ಹೆಚ್ಚು ಬರುತ್ತದೆ. ಕಾಲುಬಾಯಿ ಜ್ವರ ಬಂದರೆ ಇಡೀ ಊರಿನ ಹಾಲು ಬಿದ್ದುಹೋಗುತ್ತದೆ. ಆದ್ದರಿಂದ ಲಸಿಕೆಯ ದಿನವನ್ನು ರೋಗ ಬರುವ ಮೊದಲೇ ಗೊತ್ತು ಮಾಡಬೇಕು. ಪಶು ಆಹಾರದ ಮೂಟೆ, ಮೇವಿನ ಬೀಜ, ಕೃತಕ ಗರ್ಭಧಾರಣೆ ಇವೆಲ್ಲ ಮುಂದಿನ ವರ್ಷದ ಹಾಲಿಗೆ ಈ ವರ್ಷವೇ ಮಾಡುವ ಸಿದ್ಧತೆಗಳು.

ಸಂಘಟನೆ ಎಂದರೆ ಯಾರ ಕೆಲಸ ಯಾವುದೆಂಬ ಗೆರೆ. ಹಾಲು ಹಾಕುವವರು ಸದಸ್ಯರು. ಅವರು ಆರಿಸಿದ ಆಡಳಿತ ಮಂಡಳಿ ಧೋರಣೆ ನಿರ್ಧರಿಸುತ್ತದೆ. ಸೆಕ್ರೆಟರಿ ದಿನದ ಕೆಲಸ ನೋಡುತ್ತಾನೆ. ಟೆಸ್ಟರ್ ಹಾಲು ಪರೀಕ್ಷಿಸುತ್ತಾನೆ. ಒಕ್ಕೂಟದ ವಿಸ್ತರಣಾಧಿಕಾರಿ ಮೇಲಿಂದ ನೋಡಿಕೊಳ್ಳುತ್ತಾರೆ. ಅಧ್ಯಕ್ಷರು ಟೆಸ್ಟರ್‌ನ ಪಕ್ಕ ನಿಂತು ತಮ್ಮ ಬಂಧುವಿನ ಹಾಲಿಗೆ ಇಷ್ಟು ಹಾಕು ಎಂದ ದಿನ ಈ ಗೆರೆ ಅಳಿಸಿಹೋಗುತ್ತದೆ. ಸಿಬ್ಬಂದಿಯ ವಿಷಯದಲ್ಲೂ ಅಷ್ಟೆ. ಊರಿನ ಒಬ್ಬ ಯುವಕನನ್ನೋ ಯುವತಿಯನ್ನೋ ಆರಿಸಿ ತರಬೇತಿ ಕೊಟ್ಟು ಕೂರಿಸುವಾಗ ಜಾತಿ, ಪಕ್ಷ, ನೆಂಟಸ್ತಿಕೆ ನೋಡಿದ ಸಂಘ ಅದರ ಬೆಲೆಯನ್ನು ದಿನಕ್ಕೆರಡು ಹೊತ್ತು ತೆರುತ್ತದೆ.

ಮುನ್ನಡೆಸುವಿಕೆಯ ಮಾತು ಮುಂದೆ ಶೈಲಿಗಳ ಚರ್ಚೆಯಲ್ಲಿ ಬರುತ್ತದೆ. ಡೇರಿ ನಿಂತಿರುವುದು ಕೊನೆಯ ಕೆಲಸದ ಮೇಲೆ, ಅಂದರೆ ನಿಯಂತ್ರಣದ ಮೇಲೆ. ತೂಕ, ಫ್ಯಾಟ್, ಲ್ಯಾಕ್ಟೋಮೀಟರ್‌ನ ಡಿಗ್ರಿ, ಇವುಗಳಿಂದ ಲೆಕ್ಕ ಹಾಕಿದ ದರ. ಇದೆಲ್ಲ ಹಾಲು ಹಾಕುವವರ ಕಣ್ಣೆದುರೇ ನಡೆಯುತ್ತದೆ. ಯಂತ್ರ ಬಂದ ಕಡೆ ಅಲ್ಲೇ ಚೀಟಿಯೂ ಸಿಗುತ್ತದೆ. ಎರಡು ಹಸು ಕಟ್ಟಿದ ವಿಧವೆಗೂ ಹತ್ತು ಹಸು ಕಟ್ಟಿದ ಜಮೀನುದಾರನಿಗೂ ಒಂದೇ ಅಳತೆ, ಒಂದೇ ಸಾಲು, ಒಂದೇ ದಿನ ಬಟವಾಡೆ. ಬೇರೆ ಕಡೆ ವರ್ಷಕ್ಕೊಮ್ಮೆ ಆಡಿಟ್‌ನಲ್ಲಿ ಗೊತ್ತಾಗುವ ತಪ್ಪು ಇಲ್ಲಿ ಸಂಜೆಯೊಳಗೆ ಗೊತ್ತಾಗುತ್ತದೆ. ನೀರು ಬೆರೆಸಿದ ಹಾಲು ಕ್ಯಾನಿಗೆ ಬಿದ್ದರೆ ನಷ್ಟ ಇಡೀ ಊರಿನದು. ಆದ್ದರಿಂದ ಸದಸ್ಯರೇ ಸದಸ್ಯರನ್ನು ಕಾಯುತ್ತಾರೆ. ಅಳತೆ ಎಲ್ಲರಿಗೂ ಕಾಣುವಂತಿದ್ದರೆ ಮೇಲ್ವಿಚಾರಕರ ಸಂಖ್ಯೆ ಕಡಿಮೆ ಸಾಕು ಎಂಬುದು ಡೇರಿ ಕಲಿಸುವ ಮೊದಲ ಪಾಠ.

ಇದಕ್ಕೆ ಮಿತಿಯೂ ಇದೆ. ಹಳ್ಳಿಯ ಸಂಘದಲ್ಲಿ ಕಾಣುವ ಪಾರದರ್ಶಕತೆ ಜಿಲ್ಲೆ, ರಾಜ್ಯದ ಹಂತಕ್ಕೆ ಏರುತ್ತ ಮಸುಕಾಗುತ್ತದೆ. ಒಕ್ಕೂಟದ ಚುನಾವಣೆ ಎಂದರೆ ಪಕ್ಷಗಳ ಬಲಾಬಲ ಪರೀಕ್ಷೆ ಎಂಬಂತಾಗಿದೆ. ಹಾಲಿನ ದರ ಏರಿಸುವ ತೀರ್ಮಾನದಲ್ಲಿ ಹಾಲು ಕರೆಯುವ ಹೆಂಗಸಿನ ದನಿ ಬಹಳ ಕ್ಷೀಣ. ಹಸುವಿನ ಮೈ ತೊಳೆಯುವುದರಿಂದ ಕ್ಯಾನಿಗೆ ಸುರಿಯುವ ತನಕ ಬಹುಪಾಲು ದುಡಿಮೆ ಹೆಂಗಸರದು. ಮಹಿಳಾ ಡೇರಿಗಳನ್ನು ಬಿಟ್ಟರೆ ಅಧ್ಯಕ್ಷರ ಕುರ್ಚಿಯಲ್ಲಿ ಅವರು ಕಾಣುವುದು ಅಪರೂಪ. ಕೆಲಸ ಬಲ್ಲವರಿಗೆ ಹೊಣೆ ಸಿಗಬೇಕೆಂಬ ಮೊದಲ ಪ್ರಶ್ನೆಯಲ್ಲಿ ಡೇರಿ ಇನ್ನೂ ಪೂರ್ತಿ ಉತ್ತೀರ್ಣವಾಗಿಲ್ಲ.

ಶೈಲಿಗಳ ಚರ್ಚೆ

ಕೆಲಸಗಳ ಪಟ್ಟಿಯಾಯಿತು, ಅವನ್ನು ಮಾಡಿಸುವ ರೀತಿ ಹೇಗಿರಬೇಕು? 1939ರಲ್ಲಿ ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಹತ್ತು ವರ್ಷದ ಆಸುಪಾಸಿನ ಹುಡುಗರ ಕೂಟಗಳನ್ನು ಮೂರು ಬಗೆಯ ನಾಯಕರ ಕೈಗೆ ಕೊಟ್ಟು ನೋಡಿದರು. ಒಬ್ಬ ಎಲ್ಲವನ್ನೂ ತಾನೇ ಹೇಳಿ ಮಾಡಿಸುವವ, ಒಬ್ಬ ಕೂಡಿ ಚರ್ಚಿಸಿ ಮಾಡಿಸುವವ, ಒಬ್ಬ ಏನಾದರೂ ಮಾಡಿಕೊಳ್ಳಿ ಎಂದು ಬಿಟ್ಟುಬಿಡುವವ. ಹೇಳಿ ಮಾಡಿಸುವವನ ಕೂಟದಲ್ಲಿ ಅವನಿದ್ದಾಗ ಕೆಲಸ ಚುರುಕು, ಅವನು ಹೊರಗೆ ಹೋದೊಡನೆ ಕುಸಿತ. ಕೂಡಿ ಮಾಡಿದವರ ಕೂಟದಲ್ಲಿ ನಾಯಕ ಇಲ್ಲದಾಗಲೂ ಕೆಲಸ ಸಾಗಿತು. ಬಿಟ್ಟುಬಿಟ್ಟ ಕೂಟ ಅಡ್ಡಾದಿಡ್ಡಿಯಾಯಿತು.

1960ರಲ್ಲಿ ಡಗ್ಲಸ್ ಮ್ಯಾಕ್‌ಗ್ರೆಗರ್ ಇದರ ಬೇರನ್ನು ಹುಡುಕಿದ. ಜನ ಸೋಮಾರಿಗಳು, ಬೆನ್ನು ಹತ್ತದಿದ್ದರೆ ದುಡಿಯರು ಎಂದು ನಂಬುವ ಮೇಲಧಿಕಾರಿ ಒಂದು ರೀತಿಯ ಸಂಸ್ಥೆ ಕಟ್ಟುತ್ತಾನೆ. ಜನರಿಗೆ ಹೊಣೆ ಕೊಟ್ಟರೆ ಹೊರುತ್ತಾರೆ ಎಂದು ನಂಬುವವನು ಇನ್ನೊಂದು ರೀತಿಯದನ್ನು ಕಟ್ಟುತ್ತಾನೆ. ಎರಡು ಕಡೆಯೂ ಜನ ಆ ನಂಬಿಕೆಗೆ ತಕ್ಕಂತೆಯೇ ನಡೆದುಕೊಳ್ಳತೊಡಗುತ್ತಾರೆ. ನಮ್ಮ ನೆಲಕ್ಕೆ ಹೆಚ್ಚು ಹತ್ತಿರದ ಮಾತು ಹೇಳಿದವರು ಭಾರತದ ಮನಶ್ಶಾಸ್ತ್ರಜ್ಞ ಜೆ.ಬಿ.ಪಿ. ಸಿನ್ಹಾ. ಇಲ್ಲಿನ ಕೆಲಸಗಾರ ಹಿರಿಯರಿಂದ ಅಕ್ಕರೆಯನ್ನೂ ನಿರೀಕ್ಷಿಸುತ್ತಾನೆ, ಮಾರ್ಗದರ್ಶನವನ್ನೂ ನಿರೀಕ್ಷಿಸುತ್ತಾನೆ. ಪೋಷಿಸುತ್ತಲೇ ಕೆಲಸದಲ್ಲಿ ಬಿಗಿಯಾಗಿರುವ ನಾಯಕ ಇಲ್ಲಿ ಗೆಲ್ಲುತ್ತಾನೆ ಎಂದು 1980ರ ಪುಸ್ತಕದಲ್ಲಿ ಅವರು ಪ್ರತಿಪಾದಿಸಿದರು. ಕೆಳಗಿನವರು ಬೆಳೆಯುತ್ತಿದ್ದಂತೆ ನಾಯಕ ಹಿಂದೆ ಸರಿಯುತ್ತ ಬರಬೇಕು ಎಂಬ ಷರತ್ತೂ ಅದರಲ್ಲಿತ್ತು. ನಮ್ಮ ಯಜಮಾನಿಕೆಯ ಸಂಸ್ಥೆಗಳು, ಅಂದರೆ ಅಕ್ಕಿ ಗಿರಣಿ, ಜವಳಿ ಅಂಗಡಿ, ಖಾಸಗಿ ಶಾಲೆಗಳಲ್ಲಿ ಹಲವು, ಮೊದಲರ್ಧವನ್ನು ಚೆನ್ನಾಗಿ ಪಾಲಿಸುತ್ತವೆ. ಯಜಮಾನರು ಕೆಲಸಗಾರನ ಮಗಳ ಮದುವೆಗೆ ಸಾಲ ಕೊಡುತ್ತಾರೆ, ಆಸ್ಪತ್ರೆಗೆ ತಾವೇ ಕರೆದೊಯ್ಯುತ್ತಾರೆ. ಹಿಂದೆ ಸರಿಯುವ ಎರಡನೆಯ ಅರ್ಧ ಬಂದಾಗ ತಡವರಿಸುತ್ತಾರೆ.

ಆಜ್ಞೆ ಬೇಕಾದ ಜಾಗ, ಆಜ್ಞೆ ಸಾಲದ ಜಾಗ

ಆಜ್ಞೆಯ ಶೈಲಿಯನ್ನು ಸಾರಾಸಗಟಾಗಿ ತಳ್ಳಿಹಾಕುವುದು ಸುಲಭ. ಬಂಡೀಪುರದ ಬೇಸಿಗೆಯನ್ನು ನೋಡಿದವರು ಹಾಗೆ ಮಾಡಲಾರರು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಮೀಸಲುಗಳಲ್ಲಿ ಬಂಡೀಪುರವೂ ಒಂದು. ಅಲ್ಲಿನ ಅರಣ್ಯ ಇಲಾಖೆಯಲ್ಲಿ ವಲಯ ಅರಣ್ಯಾಧಿಕಾರಿ, ಉಪವಲಯಾಧಿಕಾರಿ, ಗಾರ್ಡ್, ವಾಚರ್ ಎಂಬ ಸಾಲು ಸೈನ್ಯದ ಸಾಲಿನಂತೆ ಬಿಗಿ. ಕಾಡಿಗೆ ಬೆಂಕಿ ಬಿದ್ದಾಗ ಸಭೆ ಕರೆಯಲು ಸಮಯವಿಲ್ಲ. ಯಾರು ಯಾವ ದಿಕ್ಕಿನಿಂದ ಹೋಗಬೇಕು, ಎಲ್ಲಿ ಎದುರು ಬೆಂಕಿ ಕೊಡಬೇಕು, ಯಾವಾಗ ಹಿಂದೆ ಸರಿಯಬೇಕು ಎಂದು ಒಬ್ಬರು ಹೇಳಬೇಕು, ಉಳಿದವರು ಕೇಳಬೇಕು.

ಆದರೆ ಬೆಂಕಿಯ ದಿನದ ಆಜ್ಞೆ ಫಲಿಸುವುದು ಬೆಂಕಿ ಇಲ್ಲದ ದಿನಗಳ ಕೆಲಸದಿಂದ. ಚಳಿಗಾಲ ಮುಗಿಯುವ ಮೊದಲೇ ಬೆಂಕಿ ರೇಖೆ ಸವರಬೇಕು, ವಾಚರ್‌ಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು, ಅವರ ಕೂಲಿ ಸಕಾಲಕ್ಕೆ ಕೈಸೇರಬೇಕು, ಕಾಡಂಚಿನ ಊರಿನವರ ವಿಶ್ವಾಸ ಉಳಿದಿರಬೇಕು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟಾಗ ಚರ್ಚೆ ಎದ್ದದ್ದು ಈ ಸಿದ್ಧತೆಗಳ ಬಗ್ಗೆಯೇ. ಕಾಡನ್ನು ಅಂಗೈಯಂತೆ ಬಲ್ಲ ಸೋಲಿಗರು, ಜೇನುಕುರುಬರು ಇಲಾಖೆಯ ಸಾಲಿನ ತುದಿಯಲ್ಲಿ, ದಿನಗೂಲಿಯ ವಾಚರ್‌ಗಳಾಗಿ ನಿಲ್ಲುತ್ತಾರೆ. ಬೇಸಿಗೆಯ ಆರಂಭದಲ್ಲಿ ತರಗೆಲೆಗೆ ಸಣ್ಣ ಬೆಂಕಿ ಕೊಟ್ಟು ಮುಂದಿನ ದೊಡ್ಡ ಬೆಂಕಿಯನ್ನು ತಪ್ಪಿಸುವ ತರಗು ಬೆಂಕಿಯ ರೂಢಿ ಸೋಲಿಗರದು. ಸಂರಕ್ಷಣೆಯ ಕಾಯ್ದೆಗಳು ಬಂದ ಮೇಲೆ ಅದು ನಿಂತಿತು. ಅದು ನಿಂತದ್ದರಿಂದ ಲಂಟಾನ ಕಳೆ ಹಬ್ಬಿತು ಎಂಬುದು ಸೋಲಿಗರ ವಾದ, ಕೆಲವು ಸಂಶೋಧಕರೂ ಅದನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಆಜ್ಞೆ ಮೇಲಿಂದ ಕೆಳಗೆ ವೇಗವಾಗಿ ಇಳಿಯುವ ಸಂಸ್ಥೆಯಲ್ಲಿ ತಿಳಿವಳಿಕೆ ಕೆಳಗಿಂದ ಮೇಲಕ್ಕೆ ಏರುವ ದಾರಿ ಇಲ್ಲದಿದ್ದರೆ ಹೀಗಾಗುತ್ತದೆ.

ಪೋಡಿನ ಒಮ್ಮತ

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಲ್ಲಿ ಇನ್ನೊಂದು ಶೈಲಿ ಕಾಣುತ್ತದೆ. ನ್ಯಾಯ ಹೇಳಲು ಯಜಮಾನ, ಪೂಜೆಗೆ ತಮ್ಮಡಿ. ತೀರ್ಮಾನ ಮಾತ್ರ ಕೂತು ಮಾತಾಡಿದ ಮೇಲೆ. ಹೆಜ್ಜೇನು ಕೀಳುವಾಗ ಹುಟ್ಟಿನಲ್ಲಿ ಮರಿಗೆ ಸ್ವಲ್ಪ ಬಿಡುವುದು, ನೆಲ್ಲಿಕಾಯಿ ಕೊಯ್ಯುವಾಗ ಕಾಡಿಗೂ ಪ್ರಾಣಿಗೂ ಪಾಲು ಉಳಿಸುವುದು, ಇವಕ್ಕೆ ಕಾವಲುಗಾರನಿಲ್ಲ. ಎಲ್ಲರಿಗೂ ಗೊತ್ತಿರುವ ಕಟ್ಟಳೆ ಇದೆ. ಕಿರು ಅರಣ್ಯ ಉತ್ಪನ್ನವನ್ನು ಕೊಂಡು ಮಾರಲು ಗಿರಿಜನರ ದೊಡ್ಡ ಪ್ರಮಾಣದ ವಿವಿಧೋದ್ದೇಶ ಸಹಕಾರ ಸಂಘಗಳು, ಅಂದರೆ ಲ್ಯಾಂಪ್ಸ್‌ಗಳು ಬಂದವು. ಮಧ್ಯವರ್ತಿಯ ಹಿಡಿತದಿಂದ ಬಿಡಿಸುವ ಒಳ್ಳೆಯ ಉದ್ದೇಶ ಅವುಗಳದ್ದು. ಆದರೆ ಹೆಸರಿಗೆ ಸದಸ್ಯರದ್ದಾದ ಸಂಘದ ಕಡತ, ದರ, ಹರಾಜು ಎಲ್ಲ ಕಚೇರಿಯ ಭಾಷೆಯಲ್ಲೇ ನಡೆದವು. ಕಾಡು ಬಲ್ಲವರು ಸಂಗ್ರಹಕಾರರಾಗಿ ಉಳಿದರು.

ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಅಭಯಾರಣ್ಯದಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೇ ತಡೆ ಬಿತ್ತು; ಮನೆಮನೆಯ ಆದಾಯ ನಿಂತಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಾಗಿಲು ತೆರೆಯಿತು. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡು (ಬಿಆರ್‌ಟಿ) ಹುಲಿ ಮೀಸಲಾಯಿತು. ಅದೇ ವರ್ಷ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನೊಳಗೆ ಸಮುದಾಯಕ್ಕೆ ಇಂಥ ಹಕ್ಕು ಸಿಕ್ಕ ಮೊದಲ ಉದಾಹರಣೆಗಳಲ್ಲಿ ಇದು ಪ್ರಮುಖ. ಸಾಮೂಹಿಕ ಸಂಪತ್ತನ್ನು ಬಳಸುವವರೇ ನಿಯಮ ಮಾಡಿ, ತಾವೇ ಕಾದು, ತಪ್ಪಿದವರಿಗೆ ಹಂತಹಂತವಾಗಿ ದಂಡ ಹಾಕಿ ಶತಮಾನಗಳ ಕಾಲ ಉಳಿಸಿಕೊಂಡ ನಿದರ್ಶನಗಳನ್ನು ಎಲಿನಾರ್ ಆಸ್ಟ್ರಂ 1990ರ ಪುಸ್ತಕದಲ್ಲಿ ಕಲೆಹಾಕಿದ್ದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಪೋಡಿನ ಕಟ್ಟಳೆಗಳು ಆ ಪುಸ್ತಕದ ತತ್ತ್ವಗಳಿಗೆ ಬಹಳ ಹತ್ತಿರ. ಒಮ್ಮತದ ಶೈಲಿಗೆ ಸಮಯ ಹಿಡಿಯುತ್ತದೆ, ದೊಡ್ಡ ಗುಂಪಿನಲ್ಲಿ ಅದು ಕಷ್ಟ, ಪೇಟೆಯ ದರದ ಏರಿಳಿತದ ಮುಂದೆ ಅದು ನಿಧಾನ. ಆ ಕೊರತೆಗೆ ಪರಿಹಾರವೆಂದರೆ ಸೋಲಿಗ ಯುವಜನರೇ ಲೆಕ್ಕ, ಗುಣಮಟ್ಟ, ಮಾರುಕಟ್ಟೆ ಕಲಿತು ಸಂಘದ ಕಡತ ಹಿಡಿಯುವುದು.

ಅಧಿಕಾರ ಹಂಚಿದ ಇಬ್ಬರು

ಹೊಣೆಯನ್ನು ಕೆಳಗೆ ಕೊಡುವುದರಲ್ಲಿ ಈ ಸೀಮೆಗೆ ರಾಜ್ಯಕ್ಕೇ ಪಾಠ ಹೇಳುವ ಹಕ್ಕಿದೆ, ಏಕೆಂದರೆ ಅಬ್ದುಲ್ ನಜೀರ್ ಸಾಬ್ ಗುಂಡ್ಲುಪೇಟೆಯವರು. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವರು ಬರಗಾಲದಲ್ಲಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎಂದೇ ಹೆಸರಾದರು. ಅದಕ್ಕಿಂತ ಆಳವಾದ ಕೆಲಸ 1983ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಕಾಯ್ದೆ. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಚುನಾಯಿತ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಸ್ಥಾನಗಳಲ್ಲಿ ಕಾಲು ಭಾಗ ಹೆಂಗಸರಿಗೆ. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಬರಲು ಆಗ ಇನ್ನೂ ವರ್ಷಗಳಿದ್ದವು.

ನಜೀರ್ ಸಾಬ್ ಮಾಡಿದ್ದನ್ನು ನಿರ್ವಹಣೆಯ ಮಾತಿನಲ್ಲಿ ಹೇಳುವುದಾದರೆ, ಹೊಣೆಯ ಜೊತೆಗೆ ಹಣವನ್ನೂ ಸಿಬ್ಬಂದಿಯನ್ನೂ ಕೆಳಗಿಳಿಸಿದರು. ಕೆಲಸ ಮಾತ್ರ ಕೆಳಗೆ ದಾಟಿಸಿ, ದುಡ್ಡನ್ನೂ ವರ್ಗಾವಣೆಯ ಅಧಿಕಾರವನ್ನೂ ಮೇಲೇ ಇಟ್ಟುಕೊಳ್ಳುವುದು ಎಲ್ಲ ಸಂಸ್ಥೆಗಳಲ್ಲೂ ಕಾಣುವ ರೋಗ. ಇಂದಿನ ಗ್ರಾಮ ಪಂಚಾಯಿತಿಗಳ ದೊಡ್ಡ ದೂರೂ ಅದೇ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ.

ಇನ್ನೊಬ್ಬರು ಡಾ. ಎಚ್. ಸುದರ್ಶನ್. 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಚಿಕಿತ್ಸೆಯಿಂದ ಶುರುವಾದದ್ದು ಶಾಲೆ, ವೃತ್ತಿ ತರಬೇತಿ, ಸೋಲಿಗರ ಸಂಘಟನೆಯ ತನಕ ಬೆಳೆಯಿತು. 1986ರಲ್ಲಿ ಯಳಂದೂರು ತಾಲ್ಲೂಕಿನ ಕುಷ್ಠರೋಗದ ಸಮಸ್ಯೆಯನ್ನು ಎದುರಿಸಲು ಕರುಣಾ ಟ್ರಸ್ಟ್ ಹುಟ್ಟಿತು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಈ ಟ್ರಸ್ಟಿನ ನಿರ್ವಹಣೆಗೆ ಒಪ್ಪಿಸಿತು. ಕಟ್ಟಡ ಸರ್ಕಾರದ್ದು, ಕಾರ್ಯಕ್ರಮ ಸರ್ಕಾರದ್ದು, ನಡೆಸುವ ಹೊಣೆ ಟ್ರಸ್ಟಿನದು. ಸಿಬ್ಬಂದಿ ಊರಿನಲ್ಲೇ ಉಳಿಯುವುದು, ಅಗತ್ಯ ಔಷಧ ಸದಾ ಇರುವುದು, ಬಾಗಿಲು ಹೊತ್ತಿಗೆ ತೆರೆಯುವುದು ಎಂಬ ಸಾದಾ ಸಂಗತಿಗಳಿಗೆ ಒತ್ತು ಕೊಟ್ಟ ಈ ಮಾದರಿಯನ್ನು ಟ್ರಸ್ಟ್ ಮುಂದೆ ಬೇರೆ ರಾಜ್ಯಗಳಿಗೂ ಒಯ್ದಿತು. ಸರ್ಕಾರ ತಾನೇ ಮಾಡಬೇಕಾದ್ದನ್ನು ಟ್ರಸ್ಟುಗಳಿಗೆ ಬಿಟ್ಟರೆ ನಾಳೆ ಅವು ಹೊರಟಾಗ ಏನು ಗತಿ ಎಂಬ ಆಕ್ಷೇಪದಲ್ಲಿ ತೂಕವಿದೆ. ಅದಕ್ಕೆ ಉತ್ತರ ಕೊಡಬಲ್ಲದ್ದು ಸ್ಥಳೀಯರಿಗೆ ಸಿಗುವ ತರಬೇತಿ. ಬೆಟ್ಟದಲ್ಲಿ ಓದಿದ ಸೋಲಿಗ ಹೆಣ್ಣುಮಕ್ಕಳು ಆರೋಗ್ಯ ಕಾರ್ಯಕರ್ತೆಯರಾಗಿ ನಿಂತಷ್ಟೂ ಸಂಸ್ಥೆ ಸ್ಥಾಪಕರ ಹೆಸರನ್ನು ಮೀರಿ ಬಾಳುತ್ತದೆ.

ಒಪ್ಪಂದದ ನಿರ್ವಹಣೆ

ಗುಂಡ್ಲುಪೇಟೆ ಸುತ್ತಿನ ಚೆಂಡುಹೂವಿನ ಹೊಲಗಳಲ್ಲಿ ನಾಲ್ಕನೆಯ ಶೈಲಿಯೊಂದಿದೆ. ಓಣಂ ಹೊತ್ತಿಗೆ ಕೇರಳದವರು ಚಿತ್ರ ತೆಗೆಯಲು ಬರುವ ಈ ಹೊಲಗಳಲ್ಲಿ ಎಷ್ಟೋ, ಹೂವಿನಿಂದ ಬಣ್ಣ ತೆಗೆಯುವ ಕಂಪನಿಗಳ ಒಪ್ಪಂದಕ್ಕೆ ಬೆಳೆದವು. ಬೀಜ ಕಂಪನಿಯದು, ಸಲಹೆ ಕಂಪನಿಯ ಕ್ಷೇತ್ರ ಸಿಬ್ಬಂದಿಯದು, ದರ ಮೊದಲೇ ಗೊತ್ತು; ನೆಲ, ನೀರು, ದುಡಿಮೆ ರೈತರದು. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯ ದಿನದಿನದ ದರದ ಏರಿಳಿತ ಕಂಡವರಿಗೆ ಈ ನಿಶ್ಚಿತತೆ ಆಕರ್ಷಕ. ಆದರೆ ಇಲ್ಲಿ ಅಳತೆ ಕಂಪನಿಯ ಗೇಟಿನೊಳಗೆ ನಡೆಯುತ್ತದೆ, ಮಳೆ ಕೈಕೊಟ್ಟರೆ ನಷ್ಟ ರೈತರದು. ಡೇರಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಎರಡರಲ್ಲೂ ಸರಕು ಕಾರ್ಖಾನೆಗೆ ಹೋಗುತ್ತದೆ, ಡೇರಿಯಲ್ಲಿ ಮಾತ್ರ ಸರಕು ಕೊಡುವವರಿಗೆ ಮತವಿದೆ. ಬೆಳೆಗಾರರು ಉತ್ಪಾದಕರ ಸಂಘ ಕಟ್ಟಿ ಒಟ್ಟಾಗಿ ಒಪ್ಪಂದಕ್ಕೆ ಕೂತರೆ ಈ ಅಂತರ ತಗ್ಗೀತು.

ಕೊಂಡಿ ಕಳಚಿದಾಗ

ನಿರ್ವಹಣೆಯ ಚರ್ಚೆ ಪುಸ್ತಕದ ವಿಷಯವಲ್ಲ, ಜೀವದ ವಿಷಯ ಎಂಬುದು 2021ರ ಮೇ 2ರ ರಾತ್ರಿ ಚಾಮರಾಜನಗರಕ್ಕೆ ತಿಳಿಯಿತು. ಕೋವಿಡ್ ಎರಡನೆಯ ಅಲೆಯ ನಡುವೆ, ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಮೇ 3ರೊಳಗೆ 24 ಜನ ಸತ್ತ ಸುದ್ದಿ ನಾಡನ್ನೇ ನಡುಗಿಸಿತು. ಆಮ್ಲಜನಕದ ಕೊರತೆಯಿಂದ ಸತ್ತವರು ಕೆಲವರೇ ಎಂದು ಮೊದಲು ಹೇಳಲಾಯಿತು. ಹೈಕೋರ್ಟಿನ ಮಧ್ಯಪ್ರವೇಶದಿಂದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ರಚನೆಯಾದ ಸಮಿತಿ ಆ ರಾತ್ರಿ ಗಂಟೆಗಟ್ಟಲೆ ಆಮ್ಲಜನಕ ಇರಲಿಲ್ಲ ಎಂಬುದನ್ನು ದಾಖಲಿಸಿತು. ಸಿಲಿಂಡರ್‌ಗಳು ಮೈಸೂರಿನಿಂದ ಬರಬೇಕಿತ್ತು. ಎರಡು ಜಿಲ್ಲೆಯ ಆಡಳಿತ, ಆಸ್ಪತ್ರೆ, ಸರಬರಾಜುದಾರ ಇಷ್ಟೂ ಕೊಂಡಿಗಳ ನಡುವೆ ದಾಸ್ತಾನು ಎಷ್ಟಿದೆ, ಎಷ್ಟು ಗಂಟೆಗೆ ಮುಗಿಯುತ್ತದೆ, ಮುಗಿಯುವ ಮೊದಲು ಯಾರು ಯಾರಿಗೆ ಹೇಳಬೇಕು ಎಂಬ ಲೆಕ್ಕ ತಪ್ಪಿತು.

ಫೆಯೋಲ್ ಸಮನ್ವಯವನ್ನು ಬೇರೆಯದೇ ಕೆಲಸವೆಂದು ಎಣಿಸಿದ್ದು ಏಕೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಡ. ವಾರ್ಡಿನಲ್ಲಿದ್ದವರು ಶ್ರಮಿಸುತ್ತಿದ್ದಿರಬಹುದು, ಅವರ ಶ್ರಮವನ್ನು ಜೋಡಿಸುವ ಕೊಂಡಿ ಇರಲಿಲ್ಲ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲು ಗಣಿ ಕುಸಿದು ಕಾರ್ಮಿಕರು ಸತ್ತಾಗಲೂ ಪ್ರಶ್ನೆ ಇಂಥದೇ ಆಗಿತ್ತು: ಬಂಡೆಯ ಅಪಾಯವನ್ನು ದಿನವೂ ಕಾಣುವ ಕೂಲಿಕಾರನಿಗೆ ಇವತ್ತು ಕೆಲಸ ಬೇಡ ಎಂದು ಹೇಳುವ ಅಧಿಕಾರ ಇತ್ತೇ? ಅಪಾಯದ ಕೆಲಸ ನಡೆಯುವ ಎಲ್ಲ ಸಂಸ್ಥೆಗಳಲ್ಲೂ ಕೆಟ್ಟ ಸುದ್ದಿಯನ್ನು ಮೇಲಕ್ಕೆ ಒಯ್ದವನಿಗೆ ಶಿಕ್ಷೆಯಾಗಬಾರದು, ಒಯ್ಯದವನಿಗೆ ಆಗಬೇಕು.

ಶೈಲಿ ಆರಿಸುವ ಬಗೆ

ಇಷ್ಟನ್ನೂ ಒಟ್ಟಿಗೆ ಇಟ್ಟರೆ ಎಲ್ಲ ಕಾಲಕ್ಕೂ ಸಲ್ಲುವ ಶೈಲಿ ಒಂದಿಲ್ಲ ಎಂಬುದು ಖಚಿತ. ತುರ್ತು ಇದ್ದಲ್ಲಿ ಆಜ್ಞೆ ಬೇಕು, ಅದಕ್ಕೆ ಮುನ್ನ ದೀರ್ಘ ಸಿದ್ಧತೆ ಬೇಕು. ದಿನವೂ ಅದೇ ಕೆಲಸ ನಡೆಯುವಲ್ಲಿ ಎಲ್ಲರಿಗೂ ಕಾಣುವ ಅಳತೆ ಬೇಕು. ತಲೆಮಾರುಗಳ ಕಾಲ ಉಳಿಯಬೇಕಾದ ಕಾಡು, ಕೆರೆ, ಗೋಮಾಳಗಳಲ್ಲಿ ಬಳಸುವವರ ಒಮ್ಮತ ಬೇಕು. ದೂರದ ಹಳ್ಳಿಗೆ ಸೇವೆ ಮುಟ್ಟಿಸುವಲ್ಲಿ ಹಣ, ಸಿಬ್ಬಂದಿ ಸಮೇತ ಹೊಣೆ ಹಂಚಬೇಕು. ಒಬ್ಬರೇ ನಾಯಕರು ಬೇರೆ ಬೇರೆ ದಿನ ಬೇರೆ ಬೇರೆ ರೀತಿ ನಡೆದುಕೊಳ್ಳಬೇಕಾಗುತ್ತದೆ. ಅದು ಚಂಚಲತೆಯಲ್ಲ, ವಿವೇಕ.

ಶೈಲಿ ಯಾವುದಿದ್ದರೂ ಬದಲಾಗಬಾರದ್ದು ಲೆಕ್ಕ ಒಪ್ಪಿಸುವ ಕರ್ತವ್ಯ. ಅದು ನಮ್ಮ ಸೀಮೆಗೆ ಹೊಸತೂ ಅಲ್ಲ. 1881ರಲ್ಲೇ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದು ಆಡಳಿತದ ವರದಿಯನ್ನು ರೈತರ, ವರ್ತಕರ ಪ್ರತಿನಿಧಿಗಳ ಮುಂದಿಟ್ಟರು. ಇಂದು ನಮ್ಮ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಎಷ್ಟೋ ಕಡೆ ತಿಂಡಿ, ಶಾಲು, ಕೈ ಎತ್ತುವುದರಲ್ಲಿ ಮುಗಿಯುತ್ತದೆ. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಸಹಿ ಇರುತ್ತದೆ, ಚರ್ಚೆ ಇರುವುದಿಲ್ಲ. ಸಭೆ ನಡೆಸುವುದೂ ಕಲಿಯಬೇಕಾದ ವಿದ್ಯೆ. 1972ರಿಂದ 1978ರವರೆಗೆ ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆಗಿದ್ದ ಕೆ.ಎಸ್. ನಾಗರತ್ನಮ್ಮ ಗುಂಡ್ಲುಪೇಟೆಯಿಂದಲೇ ಗೆದ್ದು ಬರುತ್ತಿದ್ದವರು. ಅವರ ಕ್ಷೇತ್ರದಲ್ಲೇ ಪಂಚಾಯಿತಿ ಸದಸ್ಯೆಯ ಬದಲು ಗಂಡ ಸಭೆಯಲ್ಲಿ ಕೂರುವುದನ್ನು ನಾವು ಸಹಜವೆಂದು ಒಪ್ಪಬಾರದು.

ಆಗಬೇಕಾದ್ದು ಮೂರು. ಡೇರಿ, ಲ್ಯಾಂಪ್ಸ್, ಪಂಚಾಯಿತಿ, ಸ್ತ್ರೀಶಕ್ತಿ ಸಂಘಗಳ ಪದಾಧಿಕಾರಿಗಳಿಗೆ ಲೆಕ್ಕ ಓದುವ, ಸಭೆ ನಡೆಸುವ, ಮುಂದಿನವರನ್ನು ತಯಾರು ಮಾಡುವ ತರಬೇತಿ ಕನ್ನಡದಲ್ಲಿ, ಆಯ್ಕೆಯಾದ ಮೊದಲ ವರ್ಷದಲ್ಲೇ ಸಿಗಬೇಕು. ಜಿಲ್ಲೆಯ ಕಾಲೇಜುಗಳ ನಿರ್ವಹಣಾ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿಗೆ ಕುದೇರಿಗೂ, ಗುಂಬಳ್ಳಿಗೂ, ಪೋಡಿಗೂ ಹೋಗಬೇಕು. ಅಲ್ಲಿ ಕಂಡದ್ದು ಪಠ್ಯವಾಗಬೇಕು. ಸದಸ್ಯರಿಗೆ ಅರ್ಥವಾಗುವ ಒಂದು ಪುಟದ ಆಯವ್ಯಯ ಪ್ರತಿ ಸಂಸ್ಥೆಯ ಬಾಗಿಲಲ್ಲಿ ಅಂಟಿರಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ದೊಡ್ಡ ಹಣವೂ ಬೇಡ. ಸಂಸ್ಥೆ ತಮ್ಮದು ಎಂದು ಸದಸ್ಯರು ಲೆಕ್ಕ ಕೇಳಬೇಕು, ಕೇಳುವುದು ಅವರ ಹಕ್ಕು ಎಂದು ನಡೆಸುವವರು ಒಪ್ಪಬೇಕು. ಅಷ್ಟಾದರೆ ಉಳಿದ ಕೆಲಸಗಳನ್ನು ತಿದ್ದಿಕೊಳ್ಳುವ ದಾರಿ ತೆರೆದೇ ಇರುತ್ತದೆ.